ಕೇಸರಿ ಅಂದ್ರೆ ಅರಿಶಿನ: ಟ್ರಿನಿಡಾಡಿನ ಅಡುಗೆ ಪುಸ್ತಕದೊಳಗಿನ ಚರಿತ್ರೆ

ಈ ವಾರದ ಕಂತಿನಲ್ಲಿ ಕೆರಿಬಿಯನ್ ಅಡುಗೆಯ ಬಗ್ಗೆ ಮಾತಾಡಿದ್ದೆ. ಮಾತಿನಲ್ಲಿ ಹೇಳೋಕೆ ಆಗದೆ ಉಳಿದದ್ದನ್ನು ಇಲ್ಲಿ ಬರೀತಿದ್ದೀನಿ. ಕನ್ನಡ ಓದೋದು ಈಗಷ್ಟೇ ಕಲೀತಿರುವವರು ನಿಧಾನವಾಗಿ ಓದಿ, ಪರವಾಗಿಲ್ಲ. ಇದು ಅಡುಗೆಯ ಕಥೆ, ಹಾಗಾಗಿ ಅರ್ಧ ಪದಗಳು ನಿಮಗೆ ಮನೆಯಲ್ಲೇ ಸಿಗುತ್ತವೆ.

ಶುರು ಮಾಡೋದು ನನ್ನದೇ ಒಂದು ತಪ್ಪಿನಿಂದ. ಟೊರಾಂಟೊದ ಸ್ಕಾರ್ಬರೋದಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಟ್ರಿನಿಡಾಡಿನ ಒಬ್ಬ ಹಿರಿಯ ಹೆಂಗಸು ಇದ್ದಾರೆ. ನನ್ನ ಮಗಳು ಅವರನ್ನು ಟ್ಯಾಂಟಿ ಅಂತ ಕರೀತಾಳೆ. ಅಲ್ಲಿನ ಭಾಷೆಯಲ್ಲಿ ಟ್ಯಾಂಟಿ ಅಂದ್ರೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಎಲ್ಲಾ. ಅವರ ಮನೆಯಲ್ಲಿ ದಾಲ್‌ಪುರಿ ತಿಂದು ಬಂದ ಮೇಲೆ ನಾನೂ ಮಾಡ್ತೀನಿ ಅಂತ ಹಟ ಹಿಡಿದೆ. ಒಂದು ಚೀಟಿಯಲ್ಲಿ ಬೇಕಾದ ಸಾಮಾನು ಬರೆದು ಕೊಟ್ಟರು. ಅದರಲ್ಲಿ ‘ಸ್ಯಾಫ್ರನ್, ಒಂದು ಟೀ ಚಮಚ’ ಅಂತ ಇತ್ತು. ಊರಿಂದ ತಂದು ಜೋಪಾನ ಮಾಡಿದ್ದ ಕೇಸರಿಯ ಪುಟ್ಟ ಡಬ್ಬಿಯನ್ನು ಪೂರ್ತಿ ಬೇಳೆಗೆ ಸುರಿದೆ.

ಪುತ್ತೂರಿನಲ್ಲಿರುವ ಅಮ್ಮನಿಗೆ ಫೋನ್‌ನಲ್ಲಿ ಹೇಳಿದೆ. “ಬೇಳೆಗೆ ಕೇಸರಿ ಹಾಕಿದ್ದಾ? ಒಂದು ಟೀ ಚಮಚ? ನಿನಗೆಂತ ಮರ್ಲಾ ಮಾರಾಯ್ತಿ!” ಅಂದರು. ಟ್ಯಾಂಟಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟ್ರಿನಿಡಾಡಿನಲ್ಲಿ ಸ್ಯಾಫ್ರನ್ ಅಂದ್ರೆ ಅರಿಶಿನ. ಅದಕ್ಕೆ ‘ಹರ್ದಿ’ ಅನ್ನೋ ಹೆಸರೂ ಇದೆ, ನಮ್ಮ ಹಿಂದಿಯ ಹಲ್ದಿಯೇ. ನಕ್ಕಾದ ಮೇಲೆ ಅವರು ಒಳಗೆ ಹೋಗಿ, ಎಣ್ಣೆ ಕಲೆ ಬಿದ್ದ ಒಂದು ಪುಸ್ತಕ ತಂದು ಕೈಗಿಟ್ಟರು.

ಅದು ನಪರೀಮಾ ಗರ್ಲ್ಸ್ ಹೈಸ್ಕೂಲಿನ ಅಡುಗೆ ಪುಸ್ತಕ.

ಒಂದು ಶಾಲೆಯ ಪುಸ್ತಕ

ನಪರೀಮಾ ಗರ್ಲ್ಸ್ ಹೈಸ್ಕೂಲ್ ಇರೋದು ಟ್ರಿನಿಡಾಡಿನ ದಕ್ಷಿಣದ ಸ್ಯಾನ್ ಫರ್ನಾಂಡೊ ಪಟ್ಟಣದಲ್ಲಿ. 1912ರಲ್ಲಿ ಕೆನಡಾದ ಪ್ರೆಸ್ಬಿಟೇರಿಯನ್ ಮಿಷನ್ ಅದನ್ನು ಶುರು ಮಾಡಿತು. ಈ ಮಿಷನ್ನಿನ ಮೊದಲ ಪಾದ್ರಿ ಜಾನ್ ಮಾರ್ಟನ್, ನಾವಿರುವ ಇದೇ ಕೆನಡಾದ ನೋವಾ ಸ್ಕೋಶಿಯಾದವರು. 1868ರಲ್ಲಿ ಅವರು ಟ್ರಿನಿಡಾಡಿಗೆ ಹೋಗಿ ಭಾರತೀಯ ಕೂಲಿಗಳ ಮಕ್ಕಳಿಗೆ ಶಾಲೆ ತೆರೆಯುವ ಕೆಲಸಕ್ಕೆ ಕೈ ಹಾಕಿದರು. ಶಾಲೆಯ 75ನೇ ವರ್ಷದ ನೆನಪಿಗೆ 1988ರಲ್ಲಿ ಈ ಅಡುಗೆ ಪುಸ್ತಕ ಬಂತು. 2002ರಲ್ಲಿ ಪರಿಷ್ಕರಿಸಿದ ಆವೃತ್ತಿ ಬಂತು. ಟ್ರಿನಿಡಾಡಿನಿಂದ ಹೊರದೇಶಕ್ಕೆ ಓದಲು ಹೊರಡುವ ಮಕ್ಕಳ ಸೂಟ್‌ಕೇಸಿನಲ್ಲಿ ಇದೊಂದು ಪ್ರತಿ ಇದ್ದೇ ಇರುತ್ತದೆ ಅಂತ ಜನ ಹೇಳ್ತಾರೆ. ನಮ್ಮ ಸೂಟ್‌ಕೇಸಿನಲ್ಲಿ ಅಮ್ಮ ಸಾರಿನ ಪುಡಿ ತುರುಕಿ ಕಳಿಸಿದ ಹಾಗೆ.

ಪುಸ್ತಕ ಬಿಡಿಸಿದಾಗ ನಾನು ಮನಸ್ಸಿನಲ್ಲಿ ಇದ್ದದ್ದನ್ನು ಮುಚ್ಚಿಡಲ್ಲ. ‘ಇದು ನಮ್ಮದೇ ಅಡುಗೆ, ದೂರ ಹೋಗಿ ಸ್ವಲ್ಪ ಕೆಟ್ಟಿದೆ, ನಾನು ಸರಿ ಮಾಡ್ತೀನಿ’ ಅಂದುಕೊಂಡಿದ್ದೆ. ದಾಲ್‌ಪುರಿಗೆ ಹಳದಿ ಬಟಾಣಿ ಬೇಳೆ ಯಾಕೆ? ಕಡಲೆಬೇಳೆ ಹಾಕೋಣ. ಒಗ್ಗರಣೆಗೆ ಬೆಳ್ಳುಳ್ಳಿ, ಜೀರಿಗೆ ಮಾತ್ರ ಯಾಕೆ? ಸಾಸಿವೆ ಹಾಕೋಣ. ಹೀಗೆ ಸರಿ ಮಾಡಿ ಮಾಡಿ ಕೊನೆಗೆ ತಟ್ಟೆಯಲ್ಲಿ ಉಳಿದದ್ದು ನಮ್ಮ ಮನೆಯ ಖಾರದ ಹೋಳಿಗೆ. ಟ್ಯಾಂಟಿ ತಿಂದು, “ಚೆನ್ನಾಗಿದೆ ಮಗಳೇ, ಆದರೆ ಇದು ನಿನ್ನ ಊರಿನದು, ನನ್ನದಲ್ಲ” ಅಂದರು. ಆ ಮಾತು ಕುಟುಕಿತು. ಅವರ ಊರಿನದು ಯಾವುದು, ಅದು ಹೇಗೆ ಅವರದಾಯಿತು ಅಂತ ಓದೋಕೆ ಕೂತದ್ದು ಆಮೇಲೆ.

ಹಡಗಿನ ಅಕ್ಕಿ ಬೇಳೆ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1834ರ ಆಗಸ್ಟ್ 1ರಂದು. ಆಮೇಲೂ ‘ಅಪ್ರೆಂಟಿಸ್’ ಅನ್ನೋ ಹೆಸರಿನಲ್ಲಿ 1838ರವರೆಗೆ ಆಫ್ರಿಕನ್ನರನ್ನು ಅದೇ ತೋಟಗಳಲ್ಲಿ ದುಡಿಸಿದರು. ಬಿಡುಗಡೆಯಾದ ಜನ ಕಬ್ಬಿನ ತೋಟದಲ್ಲಿ ಹಳೇ ಷರತ್ತಿಗೆ ದುಡಿಯಲು ಒಪ್ಪಲಿಲ್ಲ. ಯಾರು ಒಪ್ತಾರೆ? ಆಗ ತೋಟದ ಮಾಲೀಕರ ಕಣ್ಣು ಬಿದ್ದದ್ದು ಭಾರತದ ಮೇಲೆ. ಅವರಲ್ಲಿ ಒಬ್ಬ ಜಾನ್ ಗ್ಲಾಡ್‌ಸ್ಟನ್, ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ ಅವರ ತಂದೆ. ‘ವಿಟ್ಬಿ’ ಮತ್ತು ‘ಹೆಸ್ಪೆರಸ್’ ಎಂಬ ಎರಡು ಹಡಗುಗಳು 1838ರ ಮೇ 5ರಂದು ಬ್ರಿಟಿಷ್ ಗಯಾನಾ ತಲುಪಿದವು. ‘ಫತೇಲ್ ರಜಾಕ್’ ಎಂಬ ಹಡಗು 1845ರ ಫೆಬ್ರವರಿಯಲ್ಲಿ ಕಲ್ಕತ್ತಾ ಬಿಟ್ಟು, ಸುಮಾರು 225 ಜನರನ್ನು ಹೊತ್ತು, ಮೇ 30ರಂದು ಟ್ರಿನಿಡಾಡ್ ಮುಟ್ಟಿತು. ಅದೇ ತಿಂಗಳು ಜಮೈಕಾಕ್ಕೂ ಮೊದಲ ಹಡಗು ಬಂತು.

1917ರಲ್ಲಿ ಈ ಕರಾರು ಕೂಲಿ ಸಾಗಾಟ ನಿಲ್ಲುವ ಹೊತ್ತಿಗೆ ಗಯಾನಾಕ್ಕೆ ಸುಮಾರು 2,39,000, ಟ್ರಿನಿಡಾಡಿಗೆ ಸುಮಾರು 1,44,000, ಜಮೈಕಾಕ್ಕೆ ಸುಮಾರು 36,000 ಜನ ಹೋಗಿದ್ದರು. ಬಹುಪಾಲು ಜನ ಇಂದಿನ ಪೂರ್ವ ಉತ್ತರಪ್ರದೇಶ ಮತ್ತು ಬಿಹಾರದ ಭೋಜ್‌ಪುರಿ ಮಾತಾಡುವ ಹಳ್ಳಿಗಳವರು. ಮದ್ರಾಸ್ ಬಂದರಿನಿಂದಲೂ ಒಂದಷ್ಟು ಹಡಗುಗಳು ಹೊರಟವು. ಟ್ರಿನಿಡಾಡಿನಲ್ಲಿ ಕರಿಬೇವಿಗೆ ‘ಕರಾಪುಲೆ’ ಅಂತಾರೆ. ತಮಿಳಿನ ಕರುವೇಪ್ಪಿಲೈ ಆ ಹೆಸರಿನಲ್ಲಿ ಇನ್ನೂ ಕೇಳಿಸುತ್ತದೆ.

ಹಡಗಿನಲ್ಲಿ ಅಕ್ಕಿ, ಬೇಳೆ, ತುಪ್ಪ, ಅರಿಶಿನ, ಹುಣಸೆ, ಉಪ್ಪು ಅಳೆದು ಕೊಡುತ್ತಿದ್ದರು. ಮೂರು ತಿಂಗಳ ಪ್ರಯಾಣ. ಜಾತಿ, ಊರು ಬೇರೆಯಾದವರೂ ಒಂದೇ ಹಂಡೆಯ ಅನ್ನ ಉಂಡರು. ಹಾಗೆ ಜೊತೆಗೆ ಬಂದವರು ಒಬ್ಬರನ್ನೊಬ್ಬರು ‘ಜಹಾಜಿ ಭಾಯಿ’, ‘ಜಹಾಜಿ ಬಹಿನ್’ ಅಂತ ಕರೆದರು, ಅಂದರೆ ಹಡಗಿನ ಅಣ್ಣ ತಮ್ಮ, ಹಡಗಿನ ಅಕ್ಕ ತಂಗಿ. ದಡ ಮುಟ್ಟಿದ ಮೇಲೆ ಐದು ವರ್ಷದ ಕರಾರು. ವಾಸಕ್ಕೆ ತೋಟದ ಸಾಲುಮನೆ, ಒಂದು ಕುಟುಂಬಕ್ಕೆ ಒಂದು ಕೋಣೆ. ಅಡುಗೆ ಬಾಗಿಲ ಹೊರಗಿನ ಮಣ್ಣಿನ ಒಲೆಯಲ್ಲಿ.

ಪ್ರತಿಯೊಬ್ಬರಿಗೂ ಒಂದು ‘ಎಮಿಗ್ರೇಶನ್ ಪಾಸ್’ ಇರುತ್ತಿತ್ತು. ಹೆಸರು, ತಂದೆಯ ಹೆಸರು, ಜಾತಿ, ಜಿಲ್ಲೆ, ಹಳ್ಳಿ, ಎತ್ತರ, ಮೈಮೇಲಿನ ಗಾಯದ ಗುರುತು, ಎಲ್ಲಾ ಬರೆದಿದ್ದಾರೆ. ಹಣೆಯ ಮೇಲಿನ ಕಲೆಯನ್ನೂ ಬಿಟ್ಟಿಲ್ಲ. ಆದರೆ ಆ ಹೆಂಗಸು ಮನೆಯಲ್ಲಿ ಏನು ಅಡುಗೆ ಮಾಡುತ್ತಿದ್ದಳು ಅಂತ ಯಾವ ಗುಮಾಸ್ತನೂ ಕೇಳಲಿಲ್ಲ. ಅದು ದಾಖಲಾಗಿದ್ದು ಅವಳ ಕೈಯಲ್ಲಿ, ಆಮೇಲೆ ಮಗಳ ಕೈಯಲ್ಲಿ, ಎಷ್ಟೋ ಕಾಲದ ಮೇಲೆ ಇಂಥ ಶಾಲೆಯ ಪುಸ್ತಕಗಳಲ್ಲಿ.

ಬಟಾಣಿ ಬೇಳೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೋದ ಕಡೆ ಏನು ಸಿಗುತ್ತದೋ, ಯಾವುದು ಕೈಗೆ ಎಟಕುತ್ತದೋ ಅದರಲ್ಲೇ ಅಡುಗೆ. ಊರಿನ ಬೇಳೆ ಇಲ್ಲವೆಂದು ದಾಲ್‌ಪುರಿ ಬಿಡಲಿಲ್ಲ, ಬೇಳೆ ಬದಲಾಯಿಸಿಕೊಂಡು ದಾಲ್‌ಪುರಿ ಉಳಿಸಿಕೊಂಡರು. ನಾನು ತಿದ್ದಲು ಹೊರಟದ್ದು ತಪ್ಪನ್ನಲ್ಲ, ಅವರ ಜಾಣತನವನ್ನು.

ಅವರಿಗಿಂತ ಮೊದಲು ಬಂದವರು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ. ಪುಸ್ತಕದಲ್ಲಿ ದಾಲ್‌ಪುರಿಯ ಜೊತೆಗೇ ಪೆಲಾವ್ ಇದೆ, ಕ್ಯಾಲಲೂ ಇದೆ. ಭಾರತೀಯರು ಬರುವ ಮೊದಲೇ ಅಲ್ಲಿ ಆಫ್ರಿಕನ್ನರು ಒಂದು ಅಡುಗೆ ಕಟ್ಟಿದ್ದರು, ಅದೂ ಸರಪಳಿಯಲ್ಲಿ ಬಂದು.

ಪೆಲಾವ್ ಅನ್ನೋ ಹೆಸರು ಪುಲಾವಿನ ನಂಟು, ಆದರೆ ಮಾಡುವ ರೀತಿ ಬೇರೆ. ಕಾದ ಎಣ್ಣೆಗೆ ಸಕ್ಕರೆ ಹಾಕಿ, ಅದು ಕರಗಿ, ನೊರೆ ಎದ್ದು, ಕಪ್ಪಾಗುವ ಒಂದು ಕ್ಷಣ ಮೊದಲು ಕೋಳಿ ಹಾಕಬೇಕು. ಆಮೇಲೆ ಅಕ್ಕಿ, ತೆಂಗಿನ ಹಾಲು, ‘ಪಿಜನ್ ಪೀಸ್’. ಈ ಕಾಳು ಯಾವುದು ಗೊತ್ತಾ? ನಮ್ಮ ತೊಗರಿ! ಭಾರತದಲ್ಲಿ ಬೆಳೆಯಾಗಿ ಹುಟ್ಟಿದ ತೊಗರಿ ಆಫ್ರಿಕಾ ಸೇರಿ, ಗುಲಾಮರ ಹಡಗುಗಳ ಕಾಲದಲ್ಲಿ ಕೆರಿಬಿಯನ್ ತಲುಪಿತು. ಜಮೈಕಾದಲ್ಲಿ ಅದರ ಹೆಸರು ‘ಗುಂಗೋ ಪೀಸ್’. ಕಲಬುರಗಿ ಕಡೆಯವರು ತೊಗರಿ ನಮ್ಮದು ಅಂತ ಹೆಮ್ಮೆ ಪಡ್ತಾರೆ, ಸರಿಯೇ. ಆದರೆ ಟ್ರಿನಿಡಾಡಿಗೆ ಅದನ್ನು ಮುಟ್ಟಿಸಿದ್ದು ಭಾರತೀಯರ ಹಡಗಲ್ಲ, ಅದಕ್ಕಿಂತ ಮುಂಚಿನ, ಅದಕ್ಕಿಂತ ಕ್ರೂರವಾದ ಹಡಗು.

ಕ್ಯಾಲಲೂ ಅಂದ್ರೆ ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲು ಸೇರಿಸಿ ಬೇಯಿಸಿ ಕಡೆದದ್ದು. ಬೆಂಡೆ ಆಫ್ರಿಕನ್ನರ ಜೊತೆ ಬಂದದ್ದು. ಅದೇ ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುತ್ತಿ, ಹೆಚ್ಚಿ ಕರಿದರೆ ಭಾರತೀಯರ ‘ಸಹೀನಾ’. ಫೋಟೋ ಕಳಿಸಿದ ಕೂಡಲೇ ಅಮ್ಮ, “ಇದು ಪತ್ರೊಡೆ ಅಲ್ವಾ? ಅವರಿಗೆ ಯಾರು ಹೇಳಿಕೊಟ್ಟದ್ದು?” ಅಂದರು. ಒಂದೇ ಎಲೆ, ಮೂರು ಮನೆ.

ಬ್ರೆಡ್‌ಫ್ರೂಟ್ ಅಂದ್ರೆ ನಮ್ಮ ಕರಾವಳಿಯ ಜೀಗುಜ್ಜೆ. ಅದರ ಸಸಿಗಳನ್ನು 1793ರಲ್ಲಿ ಟಹೀಟಿಯಿಂದ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಕ್ಕೆ ತಂದವನು ಕ್ಯಾಪ್ಟನ್ ವಿಲಿಯಂ ಬ್ಲೈ. ಗುಲಾಮರ ಹೊಟ್ಟೆಗೆ ಅಗ್ಗದ ಊಟ ಬೇಕಾಗಿತ್ತು, ಅದಕ್ಕೇ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿನ ಕಥೆಯೂ ಇದೇ. ನ್ಯೂಫೌಂಡ್‌ಲ್ಯಾಂಡ್, ನೋವಾ ಸ್ಕೋಶಿಯಾ, ನ್ಯೂ ಇಂಗ್ಲೆಂಡ್ ತೀರದಿಂದ ಮೀನು ತೋಟಗಳಿಗೆ ಹೋಗುತ್ತಿತ್ತು, ಅಲ್ಲಿಂದ ಕಾಕಂಬಿ ಮತ್ತು ರಮ್ ಉತ್ತರಕ್ಕೆ ಬರುತ್ತಿತ್ತು. ಇವತ್ತು ಸ್ಕಾರ್ಬರೋದ ಅಂಗಡಿಯಲ್ಲಿ ‘ಕೆರಿಬಿಯನ್’ ಅಂತ ಬೋರ್ಡ್ ಹಾಕಿದ ಕಪಾಟಿನಲ್ಲಿ ಆ ಸಾಲ್ಟ್‌ಫಿಶ್ ಇದೆ. ಆದರೆ ಅದರ ಹಾದಿ ಕೆನಡಾದಿಂದಲೇ ಶುರುವಾದದ್ದು.

ಹಾಗಾದರೆ ‘ಅಸಲಿ’ ಯಾವುದು?

ಕೆರಿಬಿಯನ್ನಿನ ಹೆಸರಾದ ತಿಂಡಿಗಳಲ್ಲಿ ಹೆಚ್ಚಿನವಕ್ಕೆ ಬೇರೆ ಕಡೆ ಬೇರು ಇದೆ, ಆದರೂ ಅವು ಈಗಿನ ರೂಪ ಪಡೆದದ್ದು ಅಲ್ಲೇ. ‘ಡಬಲ್ಸ್’ ಅನ್ನೇ ನೋಡಿ. ಅರಿಶಿನದ ಹಿಟ್ಟಿನಲ್ಲಿ ಕರಿದ ಎರಡು ಮೆತ್ತಗಿನ ಬಾರಾ, ನಡುವೆ ಕಾಬೂಲಿ ಕಡಲೆ. 1930ರ ದಶಕದಲ್ಲಿ ಟ್ರಿನಿಡಾಡಿನ ಪ್ರಿನ್ಸಸ್ ಟೌನಿನಲ್ಲಿ ದೀನ್ ಕುಟುಂಬದವರು ಅದನ್ನು ಮಾರಲು ಶುರು ಮಾಡಿದರು ಅನ್ನುತ್ತಾರೆ. ಬಾರಾ, ಚನ್ನಾ ಎರಡೂ ಭಾರತದ ಹೆಸರು. ಆದರೆ ಡಬಲ್ಸ್ ಹುಟ್ಟಿದ್ದು ಅಲ್ಲಿ, ಅಲ್ಲಿನ ರಸ್ತೆಯಲ್ಲಿ. ಇವತ್ತು ಅದನ್ನು ತಿನ್ನಲು ಬೆಳಿಗ್ಗೆ ಎಲ್ಲ ಬಣ್ಣದ, ಎಲ್ಲ ಧರ್ಮದ ಜನ ಸಾಲು ನಿಲ್ಲುತ್ತಾರೆ.

ಇದು ಅರ್ಥವಾದ ಮೇಲೆ ಪುಸ್ತಕ ಹೇಳಿದ ಹಾಗೆ ಮಾಡೋಕೆ ಶುರು ಮಾಡಿದೆ. ನೀವೂ ಮಾಡುವುದಾದರೆ ನಾನು ಎಡವಿದ ಜಾಗಗಳು ಇವು. ದಾಲ್‌ಪುರಿಯ ಬಟಾಣಿ ಬೇಳೆ ಬೆರಳಲ್ಲಿ ಒತ್ತಿದರೆ ಮುರೀಬೇಕು, ಮುದ್ದೆ ಆಗಬಾರದು. ನೀರು ಪೂರ್ತಿ ಬಸಿದು, ಆರಿಸಿ, ಆಮೇಲೆ ಪುಡಿ ಮಾಡಿ. ಒದ್ದೆ ಉಳಿದರೆ ಲಟ್ಟಿಸುವಾಗ ಹಿಟ್ಟು ಹರಿಯುತ್ತದೆ. ಜೀರಿಗೆಯನ್ನು ನಾವು ಹುರಿಯುವುದಕ್ಕಿಂತ ಜಾಸ್ತಿ, ಕಡು ಕಂದು ಬಣ್ಣಕ್ಕೆ ಹುರಿದು ಪುಡಿ ಮಾಡಬೇಕು. ಅವರ ಅಡುಗೆಯ ಘಮ ಇರೋದೇ ಅದರಲ್ಲಿ. ಹಿಟ್ಟು ಹೋಳಿಗೆಯ ಕಣಕದಷ್ಟು ಮೃದುವಾಗಿರಲಿ, ನೆನೆಯಲಿ. ಹೂರಣ ತುಂಬಿ ಮುಚ್ಚೋದು ಹೋಳಿಗೆ ಮಾಡಿದ ಕೈಗೆ ಹೊಸದಲ್ಲ. ಕರಿ ಪೌಡರನ್ನು ನೇರವಾಗಿ ಸಾರಿಗೆ ಹಾಕಬೇಡಿ. ಸ್ವಲ್ಪ ನೀರಲ್ಲಿ ಕಲಸಿ, ಬಿಸಿ ಎಣ್ಣೆಯಲ್ಲಿ ನೀರು ಆರಿ ಮರಳು ಮರಳಾಗುವವರೆಗೆ ಬಾಡಿಸಿ. ‘ಶಾಡೋ ಬೆನಿ’ ಅನ್ನೋ ಉದ್ದ ಎಲೆಯ ಸೊಪ್ಪು ವಿಯೆಟ್ನಾಂ ಅಂಗಡಿಗಳಲ್ಲಿ ಸಿಗುತ್ತದೆ. ಕೊತ್ತಂಬರಿಯ ವಾಸನೆಯೇ, ಇನ್ನೂ ಗಾಢ.

ಕೊನೆಗೆ ಬೇಳೆಗೆ ಬೆಳ್ಳುಳ್ಳಿ, ಜೀರಿಗೆಯ ಒಗ್ಗರಣೆ. ಅದಕ್ಕೆ ಅವರು ‘ಚುಂಕೇ’ ಅಂತಾರೆ. ಭೋಜ್‌ಪುರಿ ಕಡೆಯ ಛೌಂಕ್.

ಟ್ಯಾಂಟಿಗೆ ಭೋಜ್‌ಪುರಿ ಬರುವುದಿಲ್ಲ. ಅವರ ಅಜ್ಜಿ ಮಾತಾಡ್ತಿದ್ದರಂತೆ, ಅಮ್ಮನಿಗೆ ಅರ್ಥ ಆಗ್ತಿತ್ತಂತೆ, ಇವರಿಗೆ ಅದೂ ಇಲ್ಲ. ಹಡಗಿನಲ್ಲಿ ಬಂದವಳ ಹಳ್ಳಿಯ ಹೆಸರೂ ಗೊತ್ತಿಲ್ಲ. ಆದರೆ ಅಡುಗೆಮನೆಗೆ ಕಾಲಿಟ್ಟರೆ ಟವಾ, ಬೇಲನಾ, ಚೌಕಿ, ಗೀರಾ, ಅಮ್ಚಾರ್, ಬೈಗನ್ ಚೋಕಾ, ಕರೈಲಿ. “ಭಾಷೆ ಹೋಯಿತು, ಒಲೆ ಹತ್ತಿರ ಇದ್ದ ಮಾತು ಮಾತ್ರ ಉಳೀತು” ಅಂದರು ಒಂದು ದಿನ, ಏನೋ ಸಾಮಾನ್ಯ ವಿಷಯ ಹೇಳುವ ಹಾಗೆ.

ನನಗೆ ಅದು ಸಾಮಾನ್ಯ ಅನ್ನಿಸಲಿಲ್ಲ. ಮೂರೇ ತಲೆಮಾರು. ಪುತ್ತೂರಿನ ಅಮ್ಮ, ನಾನು, ಇಲ್ಲೇ ಹುಟ್ಟಿದ ಮಗಳು. ಅಮ್ಮನ ಪತ್ರೊಡೆಗೆ ಎಷ್ಟು ಅಕ್ಕಿ, ಎಷ್ಟು ಹುಣಸೆ ಅಂತ ಇವತ್ತಿನವರೆಗೆ ನಾನು ಬರೆದಿಟ್ಟಿರಲಿಲ್ಲ. ಕೇಳಿದರೆ “ಕೈಯಂದಾಜು” ಅಂತಾರೆ. ಆ ಕೈ ಇಲ್ಲಿಂದ ಹದಿಮೂರು ಸಾವಿರ ಕಿಲೋಮೀಟರ್ ದೂರ ಇದೆ.

ಅವತ್ತು ಸಂಜೆ ಬೇಳೆಗೆ ಚುಂಕೇ ಹಾಕುವಾಗ ಮಗಳು ಪಕ್ಕದಲ್ಲಿ ನಿಂತಿದ್ದಳು. ಚುರ್ ಅಂತ ಸದ್ದಾಯಿತು. “ಟ್ಯಾಂಟಿ ಇದಕ್ಕೆ ಚುಂಕೇ ಅಂತಾರೆ. ನಾವು?” ಅಂತ ಕೇಳಿದೆ. “ಒಗ್ಗರಣೆ,” ಅಂದಳು. ಒತ್ತಕ್ಷರ ಸರಿಯಾಗಿ ಬರಲಿಲ್ಲ, ‘ಒಗರಣೆ’ ಅಂತ ಆಯಿತು. ನಾನು ತಿದ್ದಲಿಲ್ಲ. ಒಂದು ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಅದನ್ನೇ ಬರೆಸಿದೆ. ಎರಡನೇ ಪುಟದಲ್ಲಿ ಅಮ್ಮನ ಪತ್ರೊಡೆ ಇದೆ. ಫೋನ್‌ನಲ್ಲಿ ಕೇಳಿ, ಕೈಯಂದಾಜನ್ನು ಲೋಟದ ಲೆಕ್ಕಕ್ಕೆ ಇಳಿಸಿ ಬರೆದದ್ದು. ಮೂರನೆಯದು ಟ್ಯಾಂಟಿಯ ದಾಲ್‌ಪುರಿ. ಸ್ಯಾಫ್ರನ್ ಇದ್ದಲ್ಲಿ ಮಗಳು ದಪ್ಪ ಅಕ್ಷರದಲ್ಲಿ ‘ಅರಿಶಿನ’ ಅಂತ ಬರೆದಿದ್ದಾಳೆ.

ನಿಮ್ಮ ಮನೆಯಲ್ಲೂ ಯಾರದೋ ಕೈಯಂದಾಜಿನಲ್ಲಿ ಮಾತ್ರ ಇರುವ ಒಂದು ಅಡುಗೆ ಇರುತ್ತದೆ. ಈ ವಾರಾಂತ್ಯ ಫೋನ್ ಮಾಡಿ, ಕೇಳಿ, ಬರೆದಿಡಿ. ಸಾಧ್ಯವಾದರೆ ನಮಗೂ ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.