ದಾಂಪತ್ಯದ ಪ್ರತ್ಯೇಕತೆ: ಕಾನೂನು ನಡೆದುಬಂದ ದಾರಿ

ಜೈನ ಪರಂಪರೆಯಲ್ಲಿ ವಿವಾಹವು ಗೃಹಸ್ಥಧರ್ಮದ ಹೆಬ್ಬಾಗಿಲು. ಜಿನಸೇನಾಚಾರ್ಯರ ಆದಿಪುರಾಣವು ವಿವರಿಸುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಅದೂ ಒಂದು. ಬಂಧವು ಸಂಸ್ಕಾರದಿಂದ ಬೆಸೆದುದಾದರೂ, ಅದು ಒಡೆದಾಗ ಪತಿಪತ್ನಿಯರ ಹಕ್ಕುಬಾಧ್ಯತೆಗಳನ್ನು ನಿರ್ಣಯಿಸುವುದು ರಾಜ್ಯಶಾಸನ. ಅದರ ಚರಿತ್ರೆಯನ್ನು ಶ್ರಾವಕ ಕುಟುಂಬಗಳು ಅರಿತಿರಬೇಕಾದುದು ಅವಶ್ಯ.

1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಅಧಿನಿಯಮದ 2ನೆಯ ಕಲಂ ಬೌದ್ಧ, ಸಿಖ್ಖರೊಡನೆ ಜೈನರನ್ನೂ ಹೆಸರಿಸಿಯೇ ಒಳಗೊಂಡಿದೆ. 2014ರಲ್ಲಿ ಕೇಂದ್ರ ಸರಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೆ ಈ ವಿಷಯದಲ್ಲಿ ಸಂಶಯ ತಲೆದೋರಿತು. 2025ರಲ್ಲಿ ಇಂದೂರಿನ ಕುಟುಂಬ ನ್ಯಾಯಾಲಯವೊಂದು ಜೈನ ದಂಪತಿಗಳ ಅರ್ಜಿಗೆ ಈ ಅಧಿನಿಯಮ ಅನ್ವಯಿಸದೆಂದಿತು. ಅದೇ ವರ್ಷ ಮಧ್ಯಪ್ರದೇಶ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು.

ಅಧಿನಿಯಮದ 10ನೆಯ ಕಲಮಿನ 'ನ್ಯಾಯಿಕ ಪ್ರತ್ಯೇಕತೆ' ವಿಚ್ಛೇದನವಲ್ಲ. ಡಿಕ್ರಿಯಾದ ಮೇಲೆ ಒಟ್ಟಿಗೆ ಬಾಳುವ ಕಟ್ಟುಪಾಡು ತಪ್ಪುತ್ತದೆ. ಆದರೆ ವಿವಾಹ ಉಳಿದಿರುತ್ತದೆ, ಮರುವಿವಾಹಕ್ಕೆ ಅವಕಾಶವಿಲ್ಲ. ಮನಸ್ಸು ಕೂಡಿದರೆ ನ್ಯಾಯಾಲಯವು ಡಿಕ್ರಿಯನ್ನು ತೆಗೆದುಹಾಕಬಹುದು. ಮೂಲ ಶಾಸನದಲ್ಲಿ ಕ್ರೌರ್ಯ ಮತ್ತು ಪರಿತ್ಯಾಗಗಳು ಪ್ರತ್ಯೇಕತೆಗೆ ಮಾತ್ರ ಕಾರಣಗಳಾಗಿದ್ದವು. ಆ ಬಳಿಕ ಎರಡು ವರ್ಷ ಸಹಜೀವನ ಮರಳದಿದ್ದರೆ ಡಿಕ್ರಿ ಪಡೆದವರು ವಿಚ್ಛೇದನ ಕೋರಬಹುದಾಗಿತ್ತು. 1964ರ ತಿದ್ದುಪಡಿ ಈ ಅವಕಾಶವನ್ನು ಉಭಯರಿಗೂ ಕೊಟ್ಟಿತು. 1976ರಲ್ಲಿ ಅವಧಿ ಒಂದು ವರ್ಷಕ್ಕೆ ಇಳಿಯಿತು. ಕ್ರೌರ್ಯ ಹಾಗೂ ಪರಿತ್ಯಾಗಗಳು ವಿಚ್ಛೇದನಕ್ಕೂ ನೇರ ಕಾರಣಗಳಾದವು.

ಅದೇ ವರ್ಷ ಪರಸ್ಪರ ಸಮ್ಮತಿಯ 13ಬಿ ಕಲಂ ಸೇರಿತು. ದಂಪತಿಗಳು ಒಂದು ವರ್ಷ ಬೇರೆಯಾಗಿರಬೇಕು. ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ಸಂದರ್ಭ ನೋಡಿ ಈ ಆರು ತಿಂಗಳನ್ನು ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಒಂದೇ ಸೂರಿನಡಿ ಇದ್ದೂ ದಾಂಪತ್ಯ ನಡೆಸದಿದ್ದರೆ ಅದೂ ಪ್ರತ್ಯೇಕವಾಸವೇ ಎಂದು 1991ರಲ್ಲಿಯೇ ಅದು ವಿವರಿಸಿತ್ತು.

ಜೈನರು ವಿಶೇಷವಾಗಿ ಗಮನಿಸಬೇಕಾದುದು 13ನೆಯ ಕಲಮಿನ ಇನ್ನೊಂದು ಕಾರಣ: ಸಂಸಾರ ತ್ಯಜಿಸಿ ಧಾರ್ಮಿಕ ಸಂಘವನ್ನು ಸೇರುವುದು. ದೀಕ್ಷೆಯಿಂದ ಮೋಹಬಂಧ ಕಳಚಬಹುದು. ಕಾನೂನಿನ ಬಂಧ ತಾನಾಗಿ ಕಳಚದು. ಮನೆಯಲ್ಲಿ ಉಳಿದವರು ಬಯಸಿದರೆ ಈ ಕಾರಣದ ಮೇಲೆ ವಿಚ್ಛೇದನ ಕೋರಬಹುದು. ಡಿಕ್ರಿ ಪಡೆಯದೆ ಮರುವಿವಾಹವಾದರೆ ಆ ವಿವಾಹ ಅಸಿಂಧು.

ಪಂಚರ ರಾಜಿಪತ್ರಕ್ಕೂ ಈ ಮಾತು ಸಲ್ಲುತ್ತದೆ. ರುಜುವಾತಾದ ರೂಢಿಯ ವಿಚ್ಛೇದನವನ್ನು 29ನೆಯ ಕಲಂ ಉಳಿಸಿದೆ. ಅಂಥ ರೂಢಿ ಇಲ್ಲದೆಡೆ ಬಸದಿಯ ಜಗಲಿಯಲ್ಲಿ ಬರೆದ ಕಾಗದವು ವಿವಾಹವನ್ನು ಮುಗಿಸದು. ಅದನ್ನೇ ನಂಬಿ ಪುರುಷನು ಮತ್ತೊಂದು ಮದುವೆಯಾದರೆ ಮೊದಲ ಪತ್ನಿ ನಡುನೀರಿನಲ್ಲಿ ನಿಲ್ಲುತ್ತಾಳೆ; ಎರಡನೆಯವಳಿಗೆ ಪತ್ನಿಯ ಸ್ಥಾನವೇ ಸಿಗುವುದಿಲ್ಲ.

ನೊಂದ ಜೀವಕ್ಕೆ ಇನ್ನಷ್ಟು ನೋವಾಗದಂತೆ ನಡೆಯುವುದೇ ಅಹಿಂಸೆ. ಬಸದಿಗಳ ಧರ್ಮದರ್ಶಿಗಳು ಮೊದಲು ಸಮಾಧಾನಕ್ಕೆ ಯತ್ನಿಸಲಿ. ಅದು ಫಲಿಸದಾಗ ಜೀವನಾಂಶ, ಸ್ತ್ರೀಧನ, ಮಕ್ಕಳ ಪಾಲನೆಗಳನ್ನು ಸ್ಪಷ್ಟವಾಗಿ ಬರೆಯಿಸಿ, ಉಭಯರನ್ನೂ ನ್ಯಾಯಾಲಯದ ದಾರಿಗೆ ಹಚ್ಚಲಿ. ಹೊಂದಿಸಲು ಯತ್ನಿಸುವುದು ಸಮಾಜದ ಕರ್ತವ್ಯ. ಬಿಡಿಸುವ ಅಧಿಕಾರ ನ್ಯಾಯಪೀಠದ್ದು.