ಹಿನ್ನೀರಿನ ದ್ವೀಪಗಳಿಗೆ ಹೊರಡುವ ಮುನ್ನ

ಸಾಗರ, ಹೊಸನಗರದ ಕಡೆ ರಜೆ ಕಳೆಯಲು ಹೊರಡುವವರ ಪಟ್ಟಿ ಈಗ ಹೆಚ್ಚುಕಡಿಮೆ ಒಂದೇ ಬಗೆಯದು. ಮೊದಲ ದಿನ ಜೋಗ, ಸಂಜೆಗೆ ಮುಪ್ಪಾನೆಯ ಹಿನ್ನೀರು. ಮರುದಿನ ಹೊನ್ನೆಮರಡುವಿನಲ್ಲಿ ತೆಪ್ಪ, ಕಯಾಕು, ಸಾಧ್ಯವಾದರೆ ನೀರಿನ ನಡುವಿನ ದಿಬ್ಬದಲ್ಲಿ ಡೇರೆ ಹಾಕಿ ಒಂದು ರಾತ್ರಿ. ಆಮೇಲೆ ಅಂಬಾರಗೋಡ್ಲಿನಿಂದ ಹಿನ್ನೀರು ದಾಟಿ ಸಿಗಂದೂರು ಚೌಡೇಶ್ವರಿಯ ದರ್ಶನ, ಇನ್ನೂ ದಿನವಿದ್ದರೆ ನಿಟ್ಟೂರಿನ ಮೇಲೆ ಕೊಡಚಾದ್ರಿ, ಕೊಲ್ಲೂರು. ಕಡಲಿಲ್ಲದ ಮಲೆನಾಡಿನಲ್ಲಿ ದ್ವೀಪದ ರಜೆ ಸಿಗುತ್ತದೆಂದರೆ ಬೆಂಗಳೂರಿನ ಕುಟುಂಬಕ್ಕೆ ಆಸೆಯಾಗುವುದು ಸಹಜ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಪ್ರತಿಯೊಂದು ಸಾಲನ್ನೂ, ಯಾವ ತಿಂಗಳಲ್ಲಿ ಹೋಗಬೇಕು, ಎಲ್ಲಿ ನೀರು ದಾಟಬೇಕು, ಯಾವ ಗುಡ್ಡ ದ್ವೀಪವಾಗಿರುತ್ತದೆ ಎಂಬುದನ್ನೆಲ್ಲ ನಿರ್ಧರಿಸಿದ್ದು ಲಿಂಗನಮಕ್ಕಿಯ ಅಣೆಕಟ್ಟು. ಇಲ್ಲಿನ ವಿಹಾರವೆಲ್ಲ ಮುಳುಗಡೆಯ ಚರಿತ್ರೆಯಿಂದಲೇ ಹುಟ್ಟಿದ್ದು. ಆ ಚರಿತ್ರೆಯನ್ನು ಬಿಟ್ಟು ಹಾಕಿಕೊಂಡ ಯೋಜನೆ ಅರ್ಧ ಯೋಜನೆ ಎಂಬುದು ನನ್ನ ವಾದ. ನೆನಪಿನ ದೃಷ್ಟಿಯಿಂದಷ್ಟೇ ಈ ಮಾತು ಹೇಳುತ್ತಿಲ್ಲ, ಪ್ರಯಾಣದ ಅನುಕೂಲದ ದೃಷ್ಟಿಯಿಂದಲೂ ಅದು ಅರ್ಧವೇ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ಹಾದು ಸಾಗರದ ಕಣಿವೆಗಳಿಗೆ ಇಳಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಜೋಗಕ್ಕೆ ಬಂದು ಬೆರಗಾಗುವವರು ಹಿಂದೆಯೂ ಇದ್ದರು. ಆದರೆ ಆಗ ಜೋಗದ ಮೇಲಿನ ಕಣಿವೆಯಲ್ಲಿ ದ್ವೀಪಗಳಿರಲಿಲ್ಲ. ಮೈಸೂರು ಸಂಸ್ಥಾನ 1939ರಲ್ಲಿ ಜೋಗದ ವಿದ್ಯುತ್ ಯೋಜನೆಗೆ ಕೈಹಾಕಿದಾಗ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಯಂತ್ರ ತಿರುಗಿಸುವುದು ಅದರ ಉದ್ದೇಶ. 1948ರಲ್ಲಿ ವಿದ್ಯುತ್ ಹೊರಟಿತು, ವಿದ್ಯುದಾಗಾರಕ್ಕೆ ಮಹಾತ್ಮ ಗಾಂಧಿಯವರ ಹೆಸರು ಬಂದಿತು. ಮೊದಲ ಮುಳುಗಡೆ ಅದು. ಬಾರಂಗಿ ಸೀಮೆಯ ಊರುಗಳು ಆಗಲೇ ಒಮ್ಮೆ ಎದ್ದುಹೋದವು. ಅದರ ಕತೆಯನ್ನು ಗಜಾನನ ಶರ್ಮರ ‘ಪುನರ್ವಸು’ ಕಾದಂಬರಿ ವಿಸ್ತಾರವಾಗಿ ಹಿಡಿದಿದೆ. ಅಷ್ಟು ನೀರು ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಅದರ ಪೂರ್ಣ ಮಟ್ಟ 1819 ಅಡಿ, ಸಾಮರ್ಥ್ಯ ಸುಮಾರು 151 ಟಿಎಂಸಿ. ಈ ನೀರು ಮಡೆನೂರಿನ ಹಳೆಯ ಅಣೆಕಟ್ಟನ್ನೂ ನುಂಗಿತು. ಒಂದು ಅಣೆಕಟ್ಟು ಇನ್ನೊಂದರ ಹೊಟ್ಟೆಯೊಳಗೆ ಮುಳುಗಿ ಕುಳಿತಿರುವ ಇಂಥ ನೋಟ ಕರ್ನಾಟಕದಲ್ಲಿ ಅಪರೂಪ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ನೀರು ತಳ ಕಂಡಾಗ ಮಡೆನೂರಿನ ಕಲ್ಲುಗೋಡೆ, ಸೈಫನ್ನುಗಳು ಕೆಸರಿನಿಂದ ಮೇಲೆದ್ದು ನಿಲ್ಲುತ್ತವೆ. ನೀರು 1819 ಅಡಿಯ ಕಡೆಗೆ ಏರಿದಂತೆ ಕಣಿವೆಗಳೆಲ್ಲ ತುಂಬಿದವು, ಎತ್ತರದ ಗುಡ್ಡಗಳ ನೆತ್ತಿಗಳಷ್ಟೇ ಉಳಿದವು. ಇವತ್ತು ನಾವು ಡೇರೆ ಹಾಕುವ ದ್ವೀಪಗಳು ಆ ನೆತ್ತಿಗಳು.

ಕಣಿವೆಯೊಳಗೆ ಏನಿತ್ತು ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಹಿನ್ನೀರನ್ನು ನೋಡಿದವರು ಅಲ್ಲಿ ಮೊದಲು ಬರೀ ಕಾಡಿತ್ತೆಂದೇ ಭಾವಿಸುತ್ತಾರೆ. ಮಲೆನಾಡಿನಲ್ಲಿ ಜನ ಇರುವುದೇ ಕಣಿವೆಯಲ್ಲಿ. ತಗ್ಗಿನಲ್ಲಿ ಗದ್ದೆ, ಅದರಂಚಿಗೆ ಅಡಿಕೆ ತೋಟ, ತೋಟದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮೇಲೆ ಸೊಪ್ಪಿನ ಬೆಟ್ಟ, ಅದಕ್ಕೂ ಮೇಲೆ ಕಾನು. ಗುಡ್ಡದ ನೆತ್ತಿಯಲ್ಲಿ ಯಾರೂ ಬೇಸಾಯ ಮಾಡುವುದಿಲ್ಲ. ಹೀಗಾಗಿ ಜಲಾಶಯ ನುಂಗಿದ್ದು ಬೇಸಾಯದ ನೆಲವನ್ನು, ಬಿಟ್ಟದ್ದು ಬೇಸಾಯಕ್ಕೆ ಬಾರದ ನೆಲವನ್ನು. ಈ ಸೀಮೆಯ ಮೆಣಸು ಶತಮಾನಗಳ ಹಿಂದೆಯೇ ಕಡಲಾಚೆಗೆ ಹೋಗುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯೊಡನೆ ಪೋರ್ಚುಗೀಸರು ವ್ಯವಹರಿಸಿದ್ದು ಆ ಮೆಣಸಿಗಾಗಿ. ಅವಳ ಹೆಸರಿನೊಡನೆ ಸೇರಿಕೊಂಡಿರುವ ಕಾನೂರು ಕೋಟೆ ಇಂದಿಗೂ ಸಾಗರ ತಾಲ್ಲೂಕಿನ ಕಾಡಿನೊಳಗೆ ಪಾಳುಬಿದ್ದು ನಿಂತಿದೆ. ಹಾಗಾಗಿ ಇದು ಮೊದಲಿನಿಂದಲೂ ಲೋಕಕ್ಕೆ ಹೊರಗಿದ್ದ ಮೂಲೆ ಎಂಬ ಮಾತು ನಿಲ್ಲುವುದಿಲ್ಲ. ಹೊರಗಾದದ್ದು ನೀರು ತುಂಬಿದ ಮೇಲೆ.

ಇನ್ನೊಂದು ಕಾಲಗಣನೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯ ಗೋಪಾಲಗೌಡರು ಮರುವರ್ಷವೇ ಈ ಭಾಗದಿಂದ ಶಾಸನಸಭೆಗೆ ಆರಿಸಿಹೋದರು. ಉಳುವವನಿಗೆ ಹೊಲ ಕೊಡಿಸಿದ, ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಲಿಂಗನಮಕ್ಕಿ ತುಂಬಿದ್ದು ಅದಕ್ಕೆ ಹತ್ತು ವರ್ಷ ಮೊದಲು. ಕಾಗೋಡಿನ ಹೋರಾಟ ಹುಟ್ಟಿದ್ದೇ ಉಳುವವನ ಹೆಸರು ಪಹಣಿಯಲ್ಲಿಲ್ಲ ಎಂಬ ಕಾರಣಕ್ಕೆ. ಆ ಕಾರಣ ಬಗೆಹರಿಯುವ ಮೊದಲೇ ಕಣಿವೆಯ ನೆಲ ನೀರಿನಡಿಗೆ ಹೋಯಿತು. ಪರಿಹಾರ ಹೋಗುವುದು ದಾಖಲೆಯಲ್ಲಿದ್ದ ಒಡೆಯನಿಗೆ. ತಲೆಮಾರುಗಳಿಂದ ಗೇಣಿ ಅಳೆದು ಗದ್ದೆ ಉತ್ತ ದೀವರ ಒಕ್ಕಲುಗಳ ಕೈಗೆ ಬಂದದ್ದು ಬಹಳ ಕಡಿಮೆ. ಅಣೆಕಟ್ಟು ಹತ್ತು ವರ್ಷ ತಡವಾಗಿ ಬಂದಿದ್ದರೆ ಅದೇ ಜನ ಒಡೆಯರಾಗಿ ಎದ್ದುಹೋಗುತ್ತಿದ್ದರು. ಮುಳುಗಡೆಯ ನಷ್ಟವನ್ನು ಮುಳುಗಿದ ಎಕರೆಗಳಲ್ಲಷ್ಟೇ ಅಳೆಯುವವರ ಕಣ್ಣಿಗೆ ಈ ಹತ್ತು ವರ್ಷದ ಅಂತರ ಬೀಳುವುದಿಲ್ಲ. ನನಗಂತೂ ಇಡೀ ಕತೆಯಲ್ಲಿ ಅತ್ಯಂತ ಕಠೋರವಾಗಿ ಕಾಣುವುದು ಅದೇ.

ಎದ್ದವರನ್ನು ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡಿನಂಚುಗಳಿಗೆ ಕಳಿಸಲಾಯಿತು. ಆ ನೆಲದ ದೊಡ್ಡ ಭಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿದು, ಹಕ್ಕುಪತ್ರದ ತಕರಾರು ಅಂದಿನಿಂದ ಇಂದಿನವರೆಗೆ ನಡೆದಿದೆ. ಈಚಿನ ವರ್ಷಗಳಲ್ಲಿ ಆ ನೆಲವನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ ಡಿನೋಟಿಫಿಕೇಶನ್ ಆದೇಶಗಳು ನ್ಯಾಯಾಲಯದಲ್ಲಿ ನಿಲ್ಲದೆ ಹೋದಾಗ ಸಂತ್ರಸ್ತರು ಮತ್ತೆ ಪಾದಯಾತ್ರೆ ಹೊರಡಬೇಕಾಯಿತು. ಎದ್ದುಹೋಗದೆ ಉಳಿದವರ ಪಾಡು ಬೇರೆಯದು. ಕರೂರು, ಬಾರಂಗಿ ಹೋಬಳಿಗಳ ಊರುಗಳು, ತುಮರಿ, ಬ್ಯಾಕೋಡು, ಸಿಗಂದೂರು, ನೀರಿನ ಆಚೆ ಉಳಿದವು. ಅವು ನಿಜವಾದ ದ್ವೀಪವಲ್ಲ, ಒಂದು ಮಗ್ಗುಲಲ್ಲಿ ನೆಲವಿದೆ ಎಂದು ಭೂಪಟ ತೆರೆದು ಹೇಳಬಹುದು. ಹೌದು, ಪಡುವಣಕ್ಕೆ ನೆಲವಿದೆ. ಆ ನೆಲವೆಂದರೆ ಘಟ್ಟದ ದಟ್ಟ ಕಾಡು, 1972ರಿಂದ ಶರಾವತಿ ಕಣಿವೆಯ ಅಭಯಾರಣ್ಯ, ಕೋಗಾರು ಘಟ್ಟದ ರಸ್ತೆ. ಎದುರಿಗೆ ಕಾಣುವ ದಡ ಸೇರಲು ಕಾರ್ಗಲ್ಲಿನ ಮೇಲೆ ಸುತ್ತಿ ಬರಬೇಕಾಗಿದ್ದಾಗ, ಸಾಗರದ ಆಸ್ಪತ್ರೆಗೆ, ಕಾಲೇಜಿಗೆ, ತಾಲ್ಲೂಕು ಕಚೇರಿಗೆ ಹೋಗುವವನ ಪಾಲಿಗೆ ಅದು ದ್ವೀಪವೇ ಆಗಿತ್ತು.

ಆ ಜನಕ್ಕೆ ಆಸರೆಯಾದದ್ದು ಲಾಂಚು. ಹೊಳೆಬಾಗಿಲಿನಲ್ಲಿ, ಹಸಿರುಮಕ್ಕಿಯಲ್ಲಿ, ಮುಪ್ಪಾನೆಯಲ್ಲಿ ಒಳನಾಡು ಜಲಸಾರಿಗೆ ಇಲಾಖೆಯ ಲಾಂಚುಗಳು ಬಸ್ಸು, ಜೀಪು, ಅಡಿಕೆ ಮೂಟೆ, ಶಾಲೆಯ ಮಕ್ಕಳು, ಬಾಣಂತಿಯರು ಎಲ್ಲವನ್ನೂ ಹೊತ್ತವು. ಕತ್ತಲಾದರೆ ಲಾಂಚಿರಲಿಲ್ಲ, ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ದಾರಿಯಿರಲಿಲ್ಲ. ನೀರು ತೀರ ಇಳಿದ ಬೇಸಿಗೆಗಳಲ್ಲಿ ವಾಹನ ಹಾಕುವುದನ್ನೇ ನಿಲ್ಲಿಸಿ ಜನರನ್ನಷ್ಟೇ ದಾಟಿಸಬೇಕಾಗುತ್ತಿತ್ತು. ಇದೇ ಲಾಂಚು ಪ್ರವಾಸಿಗನ ಪಟ್ಟಿಯಲ್ಲಿ ‘ಮಾಡಲೇಬೇಕಾದ’ ಅನುಭವವಾಯಿತು. ಸಿಗಂದೂರಿಗೆ ಭಕ್ತರು ಹೆಚ್ಚಿದಂತೆ, ಅದರಲ್ಲೂ ಸಂಕ್ರಾಂತಿಯ ಜಾತ್ರೆಗೆ, ಶನಿವಾರ ಭಾನುವಾರಗಳಿಗೆ, ಹೊರ ಊರಿನ ಕಾರುಗಳ ಸಾಲು ದಡದಲ್ಲಿ ಬೆಳೆಯಿತು. ಆ ಸಾಲಿನ ಹಿಂದೆ ಸ್ಥಳೀಯರು ಗಂಟೆಗಟ್ಟಲೆ ಕಾದರು. ಒಬ್ಬರ ವಿಹಾರಕ್ಕೂ ಇನ್ನೊಬ್ಬರ ದಿನದ ಬದುಕಿಗೂ ದಾರಿ ಒಂದೇ ಆಗಿದ್ದದ್ದು ಇಲ್ಲಿನ ತಿಕ್ಕಾಟಕ್ಕೆಲ್ಲ ಮೂಲ. ಊರಿನವರ ಒರಟುತನವೆಂದು ಅದನ್ನು ತಿಳಿದು ಹೋದವರು ಚರಿತ್ರೆ ಓದದೆ ಬಂದವರು.

ಪ್ರಯಾಣದ ಕಾಲವನ್ನೂ ಈ ಚರಿತ್ರೆಯೇ ಗೊತ್ತುಮಾಡುತ್ತದೆ. ಜಲಾಶಯದ ವರ್ಷ ಶುರುವಾಗುವುದು ಜೂನ್ ಮಳೆಯಿಂದ. ಹೊಸನಗರ ತಾಲ್ಲೂಕಿನ ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರೂ ಕಾಲುವೆಯಲ್ಲಿ ಇದಕ್ಕೇ ಬಂದು ಸೇರುತ್ತದೆ. ಒಳ್ಳೆಯ ಮಳೆಯಾದ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ತುಂಬಿಕೊಂಡು, ಅಲ್ಲಿಂದ ವಿದ್ಯುತ್ತಿಗೆಂದು ದಿನದಿನವೂ ಇಳಿಯುತ್ತದೆ. ಅಕ್ಟೋಬರಿನಲ್ಲಿ ದ್ವೀಪವಾಗಿದ್ದ ದಿಬ್ಬ ಏಪ್ರಿಲ್‌ನಲ್ಲಿ ಬಿರಿದ ಕೆಸರಿನ ಬಯಲಿನ ನಡುವೆ ಸಾದಾ ಗುಡ್ಡವಾಗಿರಬಹುದು. ಜೋಗವೂ ಹಾಗೆಯೇ. ಮೇಲೆ ಅಣೆಕಟ್ಟು ಹಿಡಿದಿಟ್ಟ ಮೇಲೆ ಉಳಿದ ನೀರಷ್ಟೇ ಅಲ್ಲಿ ಧುಮುಕುವುದು. ಬೇಸಿಗೆ ರಜೆಗೆ ಬಂದು ಬರೀ ಬಂಡೆ ನೋಡಿ ಬೇಸರಪಡುವವರು ಇದನ್ನು ಮೊದಲೇ ತಿಳಿದಿರಬೇಕಿತ್ತು. ಹಾಗೆಂದು ಬೇಸಿಗೆ ವ್ಯರ್ಥ ಎನ್ನಲಾರೆ. ನೀರು ಇಳಿದಾಗಲೇ ಮಡೆನೂರು ಕಾಣುವುದು, ಕಡಿದುಬಿಟ್ಟ ಮರಗಳ ಬೊಡ್ಡೆಗಳು ಅರ್ಧ ಶತಮಾನ ದಾಟಿಯೂ ನಿಂತಿರುವುದು ಕಾಣುವುದು. ಆ ಬೊಡ್ಡೆಗಳು ತುಂಬಿದ ನೀರಿನಡಿಯಲ್ಲೂ ಅಲ್ಲೇ ಇರುತ್ತವೆ. ಕೆರೆಯಂತೆ ಶಾಂತವಾಗಿ ತೋರುವ ಈ ನೀರಿಗೆ ಲೈಫ್ ಜಾಕೆಟ್ ಇಲ್ಲದೆ ಇಳಿಯಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಹೋಲಿಕೆಗೆ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯನ್ನು ನೋಡಬಹುದು. ತುಂಗೆಯ ನಡುವೆ ಎಕರೆಯೊಂದರಷ್ಟೇ ಇರುವ ಅದು ಹೊಳೆಯೇ ಮಾಡಿದ ದ್ವೀಪ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ, ಜನ ದಡದ ಗೋಪುರದಿಂದ ನೋಡಿ ಹೋಗುತ್ತಾರೆ. ಹಕ್ಕಿಗಳ ಮನೆಗೆ ಕಾಲಿಡಬಾರದೆಂಬುದನ್ನು ಅಲ್ಲಿ ಎಲ್ಲರೂ ಒಪ್ಪಿದ್ದಾರೆ. ಮನುಷ್ಯರ ಮನೆಗಳ ಮೇಲೆ ನಿಂತ ನೀರಿಗೂ ಅಷ್ಟೇ ಗೌರವ ಕೇಳುವುದು ಅತಿಯಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ, ಅವು ಹಗುರವಾದವೂ ಅಲ್ಲ. ಶರಾವತಿಯ ವಿದ್ಯುತ್ ಇಲ್ಲದೆ ಈ ರಾಜ್ಯದ ಕೈಗಾರಿಕೆ ಬೆಳೆಯುತ್ತಿರಲಿಲ್ಲ ಎನ್ನುತ್ತಾರೆ. ನಿಜ. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ಕರ್ನಾಟಕದ ಬೆನ್ನೆಲುಬಾಗಿತ್ತು, ಈಗಲೂ ಅಗ್ಗದ ವಿದ್ಯುತ್ ಕೊಡುತ್ತಿದೆ. ಆದರೆ ಉಪಕಾರ ದೊಡ್ಡದಾದಷ್ಟೂ ಋಣವೂ ದೊಡ್ಡದಾಗಬೇಕು, ಮರೆವಲ್ಲ. ಅರುವತ್ತು ವರ್ಷ ಕಳೆಯಿತು, ಇಲ್ಲಿ ಹುಟ್ಟಿದ ಮಕ್ಕಳಿಗೆ ಹಿನ್ನೀರೇ ತವರಿನ ನೋಟ ಎಂಬುದು ಇನ್ನೊಂದು ಮಾತು. ಅದೂ ಸರಿ, ಆ ನೀರನ್ನು ಅವರು ಪ್ರೀತಿಸುವುದೂ ಸರಿ. ಆದರೆ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುವವನ ಮುಂದೆ ಅದು ಹಳೆಯ ಕತೆಯೆಂದು ಹೇಳಲಾಗದು. ಮೂರನೆಯದು, ಪ್ರವಾಸೋದ್ಯಮ ಈ ಜನಕ್ಕೆ ಅನ್ನ ಕೊಡುತ್ತಿರುವಾಗ ಬಂದವರಿಗೆ ದುಃಖದ ಪಾಠ ಏಕೆ ಎಂಬುದು. ಈ ಆಕ್ಷೇಪಕ್ಕೆ ತೂಕವಿದೆ. ಹೋಂಸ್ಟೇ, ದೋಣಿ, ಊಟದ ಮನೆಗಳು ದುಡ್ಡು ತಂದಿವೆ. ಆದರೆ ಹೋಂಸ್ಟೇ ಕಟ್ಟಲು ಬ್ಯಾಂಕು ಸಾಲ ಕೊಡುವುದು ಪತ್ರವಿರುವ ಜಾಗಕ್ಕೆ. ಪತ್ರವಿಲ್ಲದವನು ತನ್ನ ಹಳೆಯ ಊರಿನ ಮೇಲಿನ ನೀರಿನಲ್ಲಿ ಬೇರೆಯವರ ದೋಣಿಗೆ ಕೂಲಿಯಾಗುತ್ತಾನೆ. ಚರಿತ್ರೆ ಗೊತ್ತಿರುವ ಪ್ರವಾಸಿ ತನ್ನ ದುಡ್ಡು ಯಾರ ಕೈಗೆ ಹೋಗುತ್ತಿದೆ ಎಂದು ಒಮ್ಮೆ ಕೇಳಿಯಾನು.

ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಎಲ್ಲರಿಗಿಂತ ಮೊದಲು ಗಟ್ಟಿಯಾಗಿ ಕೇಳಿದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಎಲ್ಲವನ್ನೂ ಹತ್ತಿರದಿಂದ ಕಂಡ ಅವರು ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಬರೆದರು. ಏರುವ ನೀರಿನ ನಡುವೆ ಗುಡ್ಡದ ಮೇಲೆ ಉಳಿದುಬಿಟ್ಟ ಕುಟುಂಬದ ಕತೆ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಅದಕ್ಕೆ 2001ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಡಿಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಸುಮಾರು 470 ಕೋಟಿ ರೂಪಾಯಿಯ ಕೆಲಸ ಅದು. ಅದಕ್ಕಾಗಿ ಆ ಕಡೆಯ ಜನ ದಶಕಗಳ ಕಾಲ ಮನವಿ, ಧರಣಿ ಮಾಡಿದ್ದರು. ಲಾಂಚಿನ ಸೊಬಗು ಹೋಯಿತೆಂದು ಹಳಹಳಿಸುವ ಪ್ರವಾಸಿಗರಿಗೆ ಹೇಳಬೇಕಾದದ್ದು ಇಷ್ಟೇ: ಆ ಸೊಬಗಿನ ಬೆಲೆಯನ್ನು ಅವರು ತೆತ್ತಿರಲಿಲ್ಲ.

ಸೇತುವೆ ಬಂದ ಮೇಲೆ ಹಿನ್ನೀರು ದಾಟುವುದು ಕೆಲವೇ ನಿಮಿಷದ ಕೆಲಸ. ಕೆಳಗೆ ಏನಿದೆಯೆಂದು ಕೇಳುವಷ್ಟು ಹೊತ್ತೂ ಸಿಗುವುದಿಲ್ಲ. ಆದ್ದರಿಂದ ಪ್ರವಾಸೋದ್ಯಮ ಇಲಾಖೆಗೂ ವಿದ್ಯುತ್ ನಿಗಮಕ್ಕೂ ಒಂದು ಬೇಡಿಕೆ. ಸೇತುವೆಯ ಎರಡೂ ತುದಿಗಳಲ್ಲಿ, ಹೊನ್ನೆಮರಡುವಿನಲ್ಲಿ, ಜೋಗದ ವೀಕ್ಷಣಾ ಕಟ್ಟೆಯಲ್ಲಿ, 1948 ಮತ್ತು 1964ರ ಮುಳುಗಡೆಯಲ್ಲಿ ಹೋದ ಊರುಗಳ ಹೆಸರುಗಳನ್ನೆಲ್ಲ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಲಿ. ರಜೆಗೆಂದು ಹೊರಡುವವರು ಪಟ್ಟಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳಲಿ: ಹೊರಡುವ ಮೊದಲು ‘ಮುಳುಗಡೆ’ ಅಥವಾ ‘ಪುನರ್ವಸು’ ಓದುವುದು, ಬೇಸಿಗೆಯಾದರೆ ಮಡೆನೂರು ಅಣೆಕಟ್ಟು ನೋಡಿ ಬರುವುದು, ಸಂತ್ರಸ್ತರ ಮನೆಯಲ್ಲಿ ಉಂಡು ಅವರಿಗೇ ದುಡ್ಡು ಕೊಟ್ಟು ಬರುವುದು.