ಇಲಿಯ ಉಸಿರು: ಪ್ಲೇಗಿನ ಕಾಲದಿಂದ ಸಾಕು ಗೂಡಿನವರೆಗೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳೆಯ ತಲೆಮಾರಿನವರ ಬಾಯಲ್ಲಿ ‘ಇಲಿ ಬಿತ್ತು’ ಎಂಬ ಮಾತಿಗೆ ಒಂದೇ ಅರ್ಥವಿತ್ತು: ಊರು ಬಿಡಬೇಕು. 1898ರಲ್ಲಿ ಪ್ಲೇಗು ಬೆಂಗಳೂರನ್ನೂ ಮೈಸೂರನ್ನೂ ಮುಟ್ಟಿತು. ಎರಡು ನಗರಗಳ ನಡುವಿನ ರೈಲು ದಾರಿ ಮದ್ದೂರು, ಮಂಡ್ಯಗಳ ಮೂಲಕವೇ ಹಾಯುತ್ತಿತ್ತು. ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರಲ್ಲಿ; ಅದಕ್ಕೆ ಮುಂಚೆ ಈ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದವು. ಸೂರಿನಿಂದ ಇಲಿ ಸತ್ತು ಬಿದ್ದರೆ ಜನ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು.

ಈ ತಿಳಿವಳಿಕೆಯ ಹಿಂದಿನ ಕಾರಣವನ್ನು ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದರು. ಸತ್ತ ಇಲಿಯ ಮೈ ತಣ್ಣಗಾದಾಗ ಅದರ ಮೇಲಿನ ಚಿಗಟಗಳು ಬೇರೆ ಆಸರೆ ಹುಡುಕಿ ಹೊರಡುತ್ತವೆ, ರೋಗಾಣುವನ್ನೂ ಹೊತ್ತೊಯ್ಯುತ್ತವೆ. ಆಗ ಜನರಿಗೆ ಬೇಕಾಗಿದ್ದದ್ದು ಇಲಿಯ ಸಾವಿನ ಸುದ್ದಿ ಮಾತ್ರ. ಬದುಕಿರುವ ಇಲಿ ಹೇಗೆ ಉಸಿರಾಡುತ್ತಿದೆ ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಆ ಪ್ರಶ್ನೆ ಎದ್ದದ್ದು ಪ್ರಯೋಗಾಲಯಗಳಲ್ಲಿ. ಬಿಳಿ ಇಲಿಗಳ ಮೇಲೆ ಆಹಾರವನ್ನೋ ಔಷಧವನ್ನೋ ಪರೀಕ್ಷಿಸುತ್ತಿದ್ದಾಗ ಅವು ಸೀನುತ್ತ, ಸೊರಗುತ್ತ ಸಾಯುತ್ತಿದ್ದವು, ಪ್ರಯೋಗವೇ ಕೆಡುತ್ತಿತ್ತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಕ್ಯಾರಿಸನ್ ಭಾರತದ ಬೇರೆ ಬೇರೆ ಜನರ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದರು. ಅದರಲ್ಲಿ ಕನ್ನಡಿಗರ ಊಟವೂ ಒಂದು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳ ಸಮೃದ್ಧ ಊಟ ತಿಂದ ಇಲಿಗಳು ಆರೋಗ್ಯವಾಗಿದ್ದವು. ಕೊರತೆಯ ಊಟ ತಿಂದವುಗಳಲ್ಲಿ ಶ್ವಾಸಕೋಶದ ರೋಗಗಳು ಬಹಳವಾಗಿ ಕಂಡುಬಂದವು.

ಆದರೆ ಊಟವೊಂದೇ ಕಾರಣವಲ್ಲ. 1937ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಎಮ್ಮಿ ಕ್ಲೀನೆಬೆರ್ಗರ್ ಮತ್ತು ಸಂಗಡಿಗರು ರೋಗಗ್ರಸ್ತ ಇಲಿಗಳ ಶ್ವಾಸಕೋಶದಿಂದ ಒಂದು ವಿಚಿತ್ರ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅದಕ್ಕೆ ಕೋಶಭಿತ್ತಿಯೇ ಇಲ್ಲ. ಇಂದು ಅದನ್ನು ಮೈಕೊಪ್ಲಾಸ್ಮ ಪಲ್ಮೊನಿಸ್ ಎನ್ನುತ್ತೇವೆ. ಕೋಶಭಿತ್ತಿಯನ್ನೇ ಕೆಡಿಸಿ ಕೆಲಸ ಮಾಡುವ ಪೆನಿಸಿಲಿನ್ ಇದರ ಮೇಲೆ ನಿಷ್ಫಲವಾಗಲು ಇದೇ ಕಾರಣ. 1976ರಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಕೊಂಡಿಯನ್ನು ತೋರಿಸಿದರು: ಮೂತ್ರದಿಂದ ಏಳುವ ಅಮೋನಿಯಾ ಗೂಡಿನಲ್ಲಿ ತುಂಬಿದಷ್ಟೂ ಈ ರೋಗ ಉಲ್ಬಣಿಸುತ್ತದೆ.

ಈಗ ಇಲಿ ಸಾಕುಪ್ರಾಣಿಯೂ ಆಗಿದೆ. ಹೊಸದಾಗಿ ಮನೆಗೆ ತಂದವರು ಈ ಇತಿಹಾಸದಿಂದ ಕಲಿಯುವುದೇನು? ತನ್ನನ್ನು ತಿನ್ನುವ ಪ್ರಾಣಿಗಳ ನಡುವೆ ಬದುಕಬೇಕಾದ ಇಲಿ ತನ್ನ ನೋವನ್ನು ಮುಚ್ಚಿಡುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಆದ್ದರಿಂದ ಸಣ್ಣ ಗುರುತುಗಳನ್ನೇ ಗಮನಿಸಬೇಕು.

ಹೊಸ ಜಾಗಕ್ಕೆ ಬಂದ ಮೊದಲ ದಿನಗಳಲ್ಲಿ ಒಂದೆರಡು ಸೀನು ಸಹಜ. ಸೀನು ನಿಲ್ಲದೆ, ಮೂಗು ಕಣ್ಣುಗಳ ಸುತ್ತ ಕೆಂಪು ಕಲೆ ಕಂಡರೆ ಎಚ್ಚರ ಬೇಕು. ಅದು ಸಾಮಾನ್ಯವಾಗಿ ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿ ಸ್ರವಿಸುವ ಪೊರ್ಫಿರಿನ್ ಎಂಬ ವರ್ಣಕ. ಬಳಲಿಕೆ, ಕಾಯಿಲೆಗಳಲ್ಲಿ ಅದು ಹೆಚ್ಚಾಗುತ್ತದೆ. ಇಲಿಯನ್ನು ಕಿವಿಯ ಬಳಿ ಹಿಡಿದು ಆಲಿಸಿ. ಆರೋಗ್ಯವಂತ ಇಲಿಯ ಉಸಿರಿನಲ್ಲಿ ಸದ್ದಿರುವುದಿಲ್ಲ; ಗೊರಗೊರ ಶಬ್ದ ಕೇಳಿದರೆ ಪಶುವೈದ್ಯರಿಗೆ ತೋರಿಸಬೇಕು. ಮಲಗಿರುವಾಗ ಉಸಿರನ್ನು ಎಣಿಸಿ: ನಿಮಿಷಕ್ಕೆ ಸುಮಾರು 70ರಿಂದ 115 ಬಾರಿ ಸಹಜ. ಪಕ್ಕೆ ಎಳೆದು ಉಸಿರಾಡುವುದು, ರೋಮ ಕೆದರಿ ಮುದುಡಿ ಕೂರುವುದು, ತೂಕ ಇಳಿಯುವುದು, ತಲೆ ಒಂದು ಕಡೆಗೆ ವಾಲುವುದು ಮುಂದಿನ ಹಂತದ ಗುರುತುಗಳು. ಇಲಿ ಉಸಿರಾಡುವುದು ಮೂಗಿನಿಂದಲೇ; ಬಾಯಿ ತೆರೆದು ಏದುಸಿರು ಬಿಟ್ಟರೆ ಒಂದು ಗಳಿಗೆಯೂ ತಡಮಾಡಬಾರದು.

ವೈದ್ಯರು ಡಾಕ್ಸಿಸೈಕ್ಲಿನ್‌ನಂತಹ ಔಷಧದಿಂದ ರೋಗವನ್ನು ತಗ್ಗಿಸಬಲ್ಲರು; ಮೈಕೊಪ್ಲಾಸ್ಮವನ್ನು ಪೂರ್ತಿ ಹೊರದಬ್ಬುವುದು ಕಷ್ಟ. ಹಾಗಾಗಿ ತಡೆಯೇ ಮೇಲು. ಹೊಸ ಇಲಿಯನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿಡಿ. ಒದ್ದೆಯಾದ ಹಾಸನ್ನು ಆಗಾಗ ಬದಲಿಸಿ. ಘಾಟು ವಾಸನೆಯ ಮರದ ಪುಡಿಯ ಬದಲು ಕಾಗದದ ಚೂರು ಹಾಕಿ. ಒಲೆಯ ಹೊಗೆ, ಸೊಳ್ಳೆಬತ್ತಿ, ಊದುಬತ್ತಿಗಳಿಂದ ಗೂಡನ್ನು ದೂರವಿಡಿ. ಕಾಡಿಲಿ, ಮನೆಯಿಲಿಗಳ ಸಂಪರ್ಕವಾಗದಂತೆ ನೋಡಿಕೊಳ್ಳಿ. ಈ ಮೈಕೊಪ್ಲಾಸ್ಮ ಮನುಷ್ಯರಿಗೆ ರೋಗ ತರುವುದಿಲ್ಲವಾದರೂ ಇಲಿಗಳಿಂದ ಬೇರೆ ಸೋಂಕುಗಳು ತಗಲಬಹುದು. ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು.

ಅಂದಿನ ಜನ ತಮ್ಮ ಜೀವ ಉಳಿಸಿಕೊಳ್ಳಲು ಸತ್ತ ಇಲಿಯನ್ನು ಗಮನಿಸಿದರು. ಇಂದು ಸಾಕುವವರು ಇಲಿಯ ಜೀವ ಉಳಿಸಲು ಅದು ಬದುಕಿರುವಾಗಲೇ ಗಮನಿಸಬೇಕು.